ತೋರುಬೆರಳಿನ ಗುರುತು

ಗ್ರಹಣದ ಹೊತ್ತಿನಲ್ಲಿ ಬಸುರಿ ಈಳಿಗೆಮಣೆಯ ಮುಂದೆ ಕುಳಿತಿದ್ದರಿಂದಲೇ ಮಗುವಿನ ಕೈ ಊನವಾಯಿತು ಎಂಬ ಮಾತನ್ನು ಹೊತ್ತು ಬರುವ ಕುಟುಂಬಗಳನ್ನು ನಾನು ಪ್ರತಿ ವರ್ಷವೂ ನೋಡುತ್ತೇನೆ. ವಂಶವಾಹಿ ಆಪ್ತಸಲಹೆಗಾರ್ತಿಯಾಗಿ ಅದಕ್ಕೆ ನಾನು ಕೊಡುವ ಉತ್ತರ ಬಹುಮಟ್ಟಿಗೆ ಸಿದ್ಧವಾಗಿಯೇ ಇರುತ್ತದೆ. ಈ ಪ್ರಕರಣದಲ್ಲಿ ಆ ಉತ್ತರ ಸರಿಯಾಗಿದ್ದೂ ಸಾಲದೆ ಹೋಯಿತು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ; ಯಾವ ಗ್ರಹಣವೆಂದು ಹೇಳಿದರೆ ಮಗು ಹುಟ್ಟಿದ ತಿಂಗಳು ತಿಳಿದುಬಿಡುವುದರಿಂದ ಅದನ್ನೂ ಬಿಟ್ಟಿದ್ದೇನೆ.

ಬಂದವರು ಕಬ್ಬು ಬೆಳೆಯುವ ಸೀಮೆಯ ರೈತ ದಂಪತಿ. ಹತ್ತು ತಿಂಗಳ ಮಗಳಿಗೆ ಎಡಗೈಯಲ್ಲಿ ಹೆಬ್ಬೆರಳಿರಲಿಲ್ಲ, ಬಲಗೈಯ ಹೆಬ್ಬೆರಳು ಸಣಕಲಾಗಿತ್ತು, ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ರಂಧ್ರವಿತ್ತು. ಕೈ ಮತ್ತು ಹೃದಯ ಎರಡರಲ್ಲೂ ದೋಷವಿರುವುದನ್ನು ಗಮನಿಸಿದ ಮಕ್ಕಳ ಹೃದ್ರೋಗ ತಜ್ಞರು ಅವರನ್ನು ನನ್ನ ಬಳಿಗೆ ಕಳಿಸಿದ್ದರು. ಇಂಥ ಜೋಡಿ ದೋಷವನ್ನು ಒಂದೇ ಮನೆತನದ ನಾಲ್ಕು ತಲೆಮಾರುಗಳಲ್ಲಿ ಗುರುತಿಸಿ 1960ರಲ್ಲಿ ವರದಿ ಮಾಡಿದವರು ಲಂಡನ್ನಿನ ವೈದ್ಯರಾದ ಮೇರಿ ಹೋಲ್ಟ್ ಮತ್ತು ಸ್ಯಾಮ್ಯುಯೆಲ್ ಓರಮ್. ಸುಮಾರು ಒಂದು ಲಕ್ಷ ಜನನಗಳಲ್ಲಿ ಒಂದರಲ್ಲಿ ಕಾಣುವ ಈ ಸ್ಥಿತಿಗೆ ಅವರಿಬ್ಬರ ಹೆಸರೇ ಉಳಿದಿದೆ. ಹೆಬ್ಬೆರಳಿನ ದೋಷ ಫ್ಯಾಂಕೋನಿ ರಕ್ತಹೀನತೆ ಎಂಬ ಇನ್ನೊಂದು ಆನುವಂಶಿಕ ಕಾಯಿಲೆಯಲ್ಲೂ ಇರುತ್ತದೆ, ಅದು ನಮ್ಮಲ್ಲಿ ಸಂಬಂಧದೊಳಗೆ ಮದುವೆಯಾದವರ ಮಕ್ಕಳಲ್ಲಿ ಕಾಣಿಸಿಕೊಳ್ಳುವುದುಂಟು. ಇವರದು ಹೊರಗಿನ ಸಂಬಂಧವಾಗಿತ್ತು, ಆದರೂ ವರ್ಣತಂತುಗಳ ಪರೀಕ್ಷೆ ಮಾಡಿಸಿ ಆ ಅನುಮಾನವನ್ನು ಕಳೆದುಕೊಂಡೆವು. ಮನೆಯಲ್ಲಿ ಬೇರೆ ಯಾರಿಗಾದರೂ ಈ ಕಾಯಿಲೆ ಇದೆಯೇ ಎಂದು ಕೇಳಿದಾಗ ಗಂಡ ಇಲ್ಲವೆಂದರು, ನಾನೂ ಕಡತದಲ್ಲಿ ಇಲ್ಲವೆಂದು ಬರೆದುಕೊಂಡೆ. ಹೋಲ್ಟ್-ಓರಮ್ ಪ್ರಕರಣಗಳಲ್ಲಿ ಬಹುಪಾಲು ಆ ಮಗುವಿನಲ್ಲೇ ಹೊಸದಾಗಿ ಹುಟ್ಟಿದ ಬದಲಾವಣೆಯಿಂದ ಆಗುವಂಥವು, ಆದ್ದರಿಂದ ಆ ಉತ್ತರವನ್ನು ಮತ್ತೆ ಕೆದಕಲಿಲ್ಲ.

ಮೂರನೆಯ ಭೇಟಿಗೆ ಅತ್ತೆಯೂ ಬಂದಿದ್ದರು. ಅಷ್ಟರಲ್ಲಿ ಮಗುವಿನ ವಂಶವಾಹಿ ಪರೀಕ್ಷೆಯ ವರದಿ ಬಂದು, 12ನೇ ವರ್ಣತಂತುವಿನ ಮೇಲಿರುವ ಟಿಬಿಎಕ್ಸ್5 ಎಂಬ ಜೀನಿನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿರುವುದು ಖಚಿತವಾಗಿತ್ತು. ನಾನು ಕಾಗದದ ಮೇಲೆ ಗೆರೆ ಎಳೆದು ಬಸಿರಿನ ವಾರಗಳನ್ನು ಗುರುತು ಹಾಕುತ್ತ ವಿವರಿಸಿದೆ. ಗರ್ಭ ನಿಂತ ಸುಮಾರು 22ನೇ ದಿನಕ್ಕೆ ಹೃದಯದ ಕೊಳವೆ ಬಡಿಯತೊಡಗುತ್ತದೆ, ನಾಲ್ಕನೇ ವಾರ ಮುಗಿಯುವಷ್ಟರಲ್ಲಿ ತೋಳಿನ ಮೊಗ್ಗು ಮೂಡುತ್ತದೆ, ಎಂಟನೇ ವಾರದ ಕೊನೆಗೆ ಬೆರಳುಗಳು ಬಿಡಿಬಿಡಿಯಾಗಿರುತ್ತವೆ. ಟಿಬಿಎಕ್ಸ್5 ಎರಡು ಕಡೆ ಕೆಲಸ ಒಪ್ಪಿಕೊಂಡ ಮೇಸ್ತ್ರಿಯಂತೆ: ಹೃದಯದಲ್ಲಿ ಗಾಟಾ4, ಎನ್‌ಕೆಎಕ್ಸ್2-5 ಎಂಬ ಜೊತೆಗಾರರನ್ನು ಇಟ್ಟುಕೊಂಡು ಗೋಡೆಗಳನ್ನು ಎಬ್ಬಿಸುತ್ತದೆ, ಅದೇ ದಿನಗಳಲ್ಲಿ ತೋಳಿನ ಮೊಗ್ಗನ್ನೂ ಬೆಳೆಸುತ್ತದೆ. ಒಂದು ಪ್ರತಿ ಕೆಟ್ಟರೆ ಆಳಿನ ಬಲ ಅರ್ಧವಾಗಿ ಎರಡೂ ಕಡೆ ಕೆಲಸ ಕೊರೆಯಾಗುತ್ತದೆ. ಹಾಗಾದರೆ ಕಾಲುಗಳು ಏಕೆ ಸರಿಯಾಗಿವೆ ಎಂದು ಮಗುವಿನ ತಾಯಿ ಕೇಳಿದರು. ಒಳ್ಳೆಯ ಪ್ರಶ್ನೆ, ಕಾಲಿನ ಮೊಗ್ಗಿನ ಕೆಲಸವನ್ನು ಹಿಡಿದಿರುವುದು ಟಿಬಿಎಕ್ಸ್4 ಎಂಬ ಬೇರೊಬ್ಬ ಮೇಸ್ತ್ರಿ ಎಂದೆ. ಗ್ರಹಣ ಬಂದದ್ದು ಐದನೇ ತಿಂಗಳಿನಲ್ಲಿ, ಆ ಹೊತ್ತಿಗೆ ಕೈ ರೂಪುಗೊಂಡು ಎರಡು ತಿಂಗಳಿಗೂ ಮೇಲಾಗಿತ್ತು ಎಂದು ಅತ್ತೆಯತ್ತ ತಿರುಗಿ ಹೇಳಿದಾಗ, ವಾದ ಗೆದ್ದೆನೆಂಬ ಸಣ್ಣ ಹಿಗ್ಗು ನನ್ನ ದನಿಯಲ್ಲಿ ಇದ್ದಿರಲೂಬಹುದು.

ಆ ಹಿರಿಯರು ಸ್ವಲ್ಪ ಹೊತ್ತು ಕಾಗದವನ್ನೇ ನೋಡಿ, “ಹಂಗಾದ್ರೆ ನಮ್ಮೆಜಮಾನ್ರಿಗೆ ಯಾವ ಗ್ರಹಣ ಹಿಡ್ದಿತ್ತು ತಾಯಿ? ಅವ್ರಿಗೂ ಎಡಗೈಲಿ ಹೆಬ್ಬೆಟ್ಟು ಇರ್ಲಿಲ್ಲ. ಸೊಸೈಟಿ ಸಾಲದ ಪತ್ರಕ್ಕೆ ತೋರುಬೆರಳು ಒತ್ತುಸ್ಕೊಂಡಿದ್ರು,” ಎಂದರು.

ನಾನು ಪೆನ್ನನ್ನು ಕೆಳಗಿಟ್ಟೆ. ಇದನ್ನು ಮೊದಲೇ ಏಕೆ ಹೇಳಲಿಲ್ಲ ಎಂದು ಗದರುವಂತಿರಲಿಲ್ಲ, ಏಕೆಂದರೆ ನಾನು ಕೇಳಿದ್ದು ಕಾಯಿಲೆಯ ಬಗ್ಗೆ. ನಾಲ್ಕು ಬೆರಳಿನಲ್ಲೇ ಉತ್ತು ಬಿತ್ತು ಸಂಸಾರ ನಡೆಸಿದವರನ್ನು ಆ ಮನೆಯಲ್ಲಿ ಯಾರೂ ಕಾಯಿಲೆಯವರೆಂದು ಎಣಿಸಿರಲಿಲ್ಲ. ಅವರು ತೀರಿಕೊಂಡದ್ದು ಹೇಗೆಂದು ಕೇಳಿದೆ. ನಲವತ್ತು ದಾಟಿದ್ದಷ್ಟೇ, ಎರಡು ಸಲ ಕಣ್ಣು ಕತ್ತಲೆ ಬಂದು ಬಿದ್ದಿದ್ದರು, ಬಿಸಿಲಿಗೆ ಹಾಗಾಯಿತೆಂದುಕೊಂಡರು, ಒಂದು ದಿನ ಬದುವಿನ ಮೇಲೆ ಕುಳಿತವರು ಏಳಲೇ ಇಲ್ಲ. ಸತ್ತವರ ಇಸಿಜಿ ತೆಗೆಯಲಾಗದು, ಕಾರಣ ಇದೇ ಎಂದು ನಾನು ಹೇಳಲೂ ಇಲ್ಲ. ಆದರೆ ಈ ಸ್ಥಿತಿಯಲ್ಲಿ ಹೃದಯದ ಗೋಡೆ ಸರಿಯಿದ್ದವರಲ್ಲೂ ಬಡಿತದ ವಿದ್ಯುತ್ ದಾರಿ ವಯಸ್ಸಾದಂತೆ ಕೆಡುತ್ತ ಹೋಗಬಹುದು ಎಂಬುದು ತಿಳಿದ ವಿಷಯ. ಮಗುವಿನ ತಂದೆಯ ಕೈಯನ್ನು ನೋಡಬೇಕೆಂದೆ. ಅವರು ಮೇಜಿನ ಕೆಳಗಿಟ್ಟಿದ್ದ ಕೈಗಳನ್ನು ಮೇಲೆ ತಂದರು. ಹೆಬ್ಬೆರಳುಗಳು ಇದ್ದವು, ಆದರೆ ಉದ್ದವಾಗಿ, ಉಳಿದ ಬೆರಳುಗಳಂತೆಯೇ ಮೂರು ಗೆಣ್ಣಿನವಾಗಿದ್ದವು. ಎರಡು ಭೇಟಿಗಳಲ್ಲಿ ಅವರ ಎದುರಿಗೇ ಕುಳಿತಿದ್ದೂ ನಾನು ಅದನ್ನು ಗಮನಿಸಿರಲಿಲ್ಲ.

ಆಗ ಸೊಸೆ, ಯಾರ ಮುಖವನ್ನೂ ನೋಡದೆ, “ಅಂಗಾದ್ರೆ ಹತ್ತು ತಿಂಗಳಿಂದ ನಾನು ಅತ್ತಿದ್ದು ಯಾರ ಲೆಕ್ಕಕ್ಕೆ ಮೇಡಂ?” ಎಂದರು.

ಇದಕ್ಕೆ ನನ್ನಲ್ಲಿ ಸಿದ್ಧ ಉತ್ತರವಿರಲಿಲ್ಲ. ಅವಳ ತಲೆಯ ಮೇಲಿದ್ದ ಹೊರೆಯನ್ನು ಇಳಿಸುವ ಭರದಲ್ಲಿ ಅದನ್ನು ಅವಳ ಗಂಡನ ತಲೆಗೆ ದಾಟಿಸುತ್ತಿದ್ದೇನೆ ಎಂಬುದು ಆ ಕ್ಷಣದಲ್ಲಿ ಸ್ಪಷ್ಟವಾಯಿತು. ಗ್ರಹಣದ ಕಾರಣ ಸುಳ್ಳು, ಜೀನಿನ ಕಾರಣ ನಿಜ. ಆದರೆ ಮನೆಯವರ ಪಾಲಿಗೆ ಎರಡೂ ಒಂದೇ ಪ್ರಶ್ನೆಗೆ, ಅಂದರೆ ತಪ್ಪು ಯಾರದೆಂಬುದಕ್ಕೆ, ಉತ್ತರವಾಗಿಬಿಡುತ್ತವೆ. ನಾನು ಆಕೆಗೆ ಹೇಳಿದ್ದು ಇಷ್ಟೇ: ನಿಮಗೆ ಅನ್ಯಾಯವಾಗಿದೆ, ಅದನ್ನು ಮನೆಯವರು ಒಪ್ಪಿಕೊಳ್ಳಬೇಕು, ಆದರೆ ನಿಮ್ಮ ಗಂಡನೂ ಎರಡು ಪ್ರತಿಗಳಲ್ಲಿ ಇದನ್ನೇ ಆರಿಸಿ ಕೊಟ್ಟವರಲ್ಲ. ಅತ್ತೆ ಸೊಸೆಯ ಮೊಣಕೈ ಮುಟ್ಟಿದರು, ಮಾತಾಡಲಿಲ್ಲ.

ಕೊಟ್ಟ ಸಲಹೆಯಲ್ಲಿ ಮೊದಲನೆಯದು ಮಗುವಿಗಲ್ಲ, ತಂದೆಗೆ: ಮುಂದಿನ ಮಗುವಿನ ಮಾತೆತ್ತುವ ಮೊದಲು ಅದೇ ವಾರ ಇಸಿಜಿ, ಹೃದಯದ ಸ್ಕ್ಯಾನ್ ಆದ ಎಕೋ ಮತ್ತು 24 ಗಂಟೆಗಳ ಬಡಿತವನ್ನು ಸತತವಾಗಿ ದಾಖಲಿಸುವ ಹೋಲ್ಟರ್ ಪರೀಕ್ಷೆ. ಸಲಹೆಗಾರರು ದಾರಿ ತೋರಿಸಬೇಕೇ ಹೊರತು ಒತ್ತಾಯಿಸಬಾರದೆಂಬ ನಿಯಮವನ್ನು ನಾನು ಮೀರಿದೆನೆಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಆ ನಿಯಮ ಮಗು ಬೇಕೇ ಬೇಡವೇ ಎಂಬಂಥ ನಿರ್ಧಾರಗಳಿಗೆ ಸಲ್ಲುತ್ತದೆ. ತಂದೆ ಹೊಲದಲ್ಲಿ ಸತ್ತ ಮನುಷ್ಯನ ಹೃದಯವನ್ನು ಪರೀಕ್ಷಿಸುವ ಮಾತಿಗೆ ಅದನ್ನು ಅಡ್ಡ ತರುವುದು ನನಗೆ ಒಪ್ಪಿಗೆಯಿಲ್ಲ. ಅವರ ಇಸಿಜಿಯಲ್ಲಿ ವಿದ್ಯುತ್ ಸಂಕೇತ ಮೇಲ್ಕೋಣೆಯಿಂದ ಕೆಳಕೋಣೆಗೆ ಇಳಿಯಲು 240 ಮಿಲಿಸೆಕೆಂಡು ಹಿಡಿಯುತ್ತಿತ್ತು, 200ರ ಒಳಗಿರಬೇಕಾಗಿತ್ತು. ಸದ್ಯಕ್ಕೆ ಪೇಸ್‌ಮೇಕರ್ ಬೇಕಿಲ್ಲ; ವರ್ಷಕ್ಕೊಮ್ಮೆ ಇಸಿಜಿ, ಕಣ್ಣು ಕತ್ತಲಿಟ್ಟರೆ ಅಂದೇ ಆಸ್ಪತ್ರೆ. ರಕ್ತಪರೀಕ್ಷೆಯಲ್ಲಿ ಮಗಳ ಜೀನಿನ ಬದಲಾವಣೆಯೇ ಅವರಲ್ಲೂ ಸಿಕ್ಕಿತು. ಮಗುವನ್ನು ಕೈ ಶಸ್ತ್ರವೈದ್ಯರ ಬಳಿಗೆ ಕಳಿಸಿದೆ. ತೋರುಬೆರಳನ್ನೇ ಸರಿಸಿ ಹೆಬ್ಬೆರಳಿನ ಜಾಗಕ್ಕೆ ತರುವ ಶಸ್ತ್ರಚಿಕಿತ್ಸೆ ಇದೆಯೆಂದು ಕೇಳಿ ಅಜ್ಜಿ ಮೊದಲ ಬಾರಿ ನಕ್ಕರು.

ಎರಡನೇ ಮಗುವಿನ ಬಗ್ಗೆ ಕೇಳಿದ್ದಕ್ಕೆ ಸಂಖ್ಯೆಗಳನ್ನು ಕೊಟ್ಟೆ, ತೀರ್ಮಾನ ಕೊಡಲಿಲ್ಲ. ಪ್ರತಿ ಬಸಿರಿನಲ್ಲೂ ದಾಟುವ ಸಾಧ್ಯತೆ ನೂರಕ್ಕೆ ಐವತ್ತು. 1994ರ ಪ್ರಸವಪೂರ್ವ ಪತ್ತೆ ಕಾಯ್ದೆಯಡಿ ನೋಂದಾಯಿಸಿದ ಕೇಂದ್ರದಲ್ಲಿ 11ರಿಂದ 13ನೇ ವಾರದೊಳಗೆ ಮಾಸುವಿನ ಚೂರು ತೆಗೆದು ಪರೀಕ್ಷಿಸಬಹುದು. ಆದರೆ ಆ ಪರೀಕ್ಷೆ ಜೀನು ಕೆಟ್ಟಿದೆಯೇ ಎಂದಷ್ಟೇ ಹೇಳುತ್ತದೆ, ಎಷ್ಟು ತೊಂದರೆಯಾದೀತು ಎಂದು ಹೇಳದು. ತಾತನಿಗೆ ಹೆಬ್ಬೆರಳಿರಲಿಲ್ಲ, ಮಗನಿಗೆ ಉದ್ದದ ಹೆಬ್ಬೆರಳಿದೆ, ಮೊಮ್ಮಗಳಿಗೆ ಹೃದಯದಲ್ಲೂ ರಂಧ್ರವಿದೆ, ಮೂವರದೂ ಅದೇ ಬದಲಾವಣೆ ಎಂದೇ ನಂಬಬೇಕು. ಸುಮಾರು 18ನೇ ವಾರದ ನಂತರದ ಸ್ಕ್ಯಾನಿಂಗ್ ಮತ್ತು ಭ್ರೂಣದ ಎಕೋ ಅದಕ್ಕಿಂತ ಹೆಚ್ಚು ತೋರಿಸಬಲ್ಲವು.

ನನ್ನನ್ನು ಇಂದಿಗೂ ಕಾಡುವುದು ಕೊನೆಯ ಮಾತು. ತಂದೆಗೆ ಒಬ್ಬ ತಂಗಿ ಇದ್ದಾಳೆ, ಇಪ್ಪತ್ತನಾಲ್ಕು ವರ್ಷ. ಹೊರಡುವಾಗ ಅಜ್ಜಿ ಹಿಂದುಳಿದು, ಗಂಡು ನೋಡುತ್ತಿದ್ದೇವೆ, ಈ ಸುದ್ದಿ ಅವಳ ಕಿವಿಗೆ ಬೀಳಬಾರದು ಎಂದು ನನ್ನ ಕೈ ಹಿಡಿದರು. ವಯಸ್ಸಿಗೆ ಬಂದ ಹೆಣ್ಣುಮಗಳ ಹೃದಯದ ವಿಷಯವನ್ನು ಅವಳಿಂದಲೇ ಮುಚ್ಚಿಡುವ ಹಕ್ಕು ತಾಯಿಗೂ ಇಲ್ಲ ಎಂಬುದು ನನ್ನ ನಂಬಿಕೆ. ಹಾಗೆಂದು ನಾನೇ ಅವಳಿಗೆ ಫೋನು ಮಾಡುವಂತೆಯೂ ಇಲ್ಲ. ಅವಳಿಗೊಂದು ಇಸಿಜಿ ಮತ್ತು ಕೈಯ ಎಕ್ಸ್‌ರೇ ಏಕೆ ಬೇಕೆಂದು ಸರಳವಾಗಿ ಬರೆದ ಪತ್ರವನ್ನು ಅಣ್ಣನ ಕೈಗೆ ಕೊಟ್ಟು, ತಾಯಿಯ ಎದುರಿಗೇ, ಇದನ್ನು ನೀವೇ ತಲುಪಿಸಬೇಕು ಎಂದೆ. ಅವರು ಅದನ್ನು ಮಡಚಿ ಅಂಗಿಯ ಜೇಬಿಗಿಟ್ಟರು. ಅದಾಗಿ ಎರಡು ಬಾರಿ ಅವರು ತಮ್ಮ ವಾರ್ಷಿಕ ಇಸಿಜಿಗೆ ಬಂದು ಹೋಗಿದ್ದಾರೆ. ತಂಗಿ ಇನ್ನೂ ಬಂದಿಲ್ಲ.