ನ್ಯೂಟ್ರಿಷನ್ ಓದುವವರು ಅರ್ಜಿಯಲ್ಲಿ ‘ಅನುಭವ’ ಅಂತ ಏನು ಬರೆಯಬೇಕು?

ಹಾವೇರಿ ಕಡೆಯವರು, ಧಾರವಾಡದಲ್ಲಿ ಫುಡ್ ಆ್ಯಂಡ್ ನ್ಯೂಟ್ರಿಷನ್ ಕೊನೆಯ ವರ್ಷ ಅಂತ ಬರೆದಿದ್ದೀರಿ. ಎಂಎಸ್ಸಿ ಅರ್ಜಿಯಲ್ಲಿ ಸಂಶೋಧನೆ, ನಾಯಕತ್ವ, ಸ್ವಯಂಸೇವೆ, ಕೆಲಸ ಅಂತ ನಾಲ್ಕು ಖಾನೆ ಇವೆ, ‘ನನ್ನ ಹತ್ತಿರ ನಾಲ್ಕಕ್ಕೂ ಏನೂ ಇಲ್ಲ’ ಅನ್ನುತ್ತೀರಿ. ಕೆಲವು ವರ್ಷದ ಹಿಂದೆ ನಾನೂ ಇದೇ ಖಾನೆಗಳ ಮುಂದೆ ಪೆನ್ನು ಕಚ್ಚುತ್ತಾ ಕೂತಿದ್ದೆ. ನಾನು ಗದಗಿನವಳು, ಓದಿದ್ದು ಧಾರವಾಡದಲ್ಲಿ, ಈಗ ಹುಬ್ಬಳ್ಳಿಯಲ್ಲಿ ಕೆಲಸ.

ಮೊದಲು ಸಂಶೋಧನೆ. ನಿಮ್ಮ ಡಿಗ್ರಿ ಪ್ರಾಜೆಕ್ಟ್ ಇದೆಯಲ್ಲ, ಅದೇ. ಬೇರೆ ಏನೂ ಹುಡುಕಬೇಡಿ. ನಾನು ಮೊದಲು ಬರೆದದ್ದು ‘ಗ್ರಾಮೀಣ ಮಹಿಳೆಯರ ಆಹಾರ ಸಮೀಕ್ಷೆ ನಡೆಸಿದ್ದೇನೆ’ ಅಂತ. ಗೈಡ್ ಮೇಡಂ ಕೆಂಪು ಪೆನ್ನಿನಿಂದ ಹೊಡೆದು ಹಾಕಿದರು. “ಎಷ್ಟು ಮನಿ? ನೀ ಎಷ್ಟ್ ಮನಿಗೆ ಹೋಗಿದ್ದಿ? ಏನರಿಂದ ಅಳದಿ? ಏನ್ ತಪ್ಪ್ ಮಾಡ್ದಿ?” ಕೊನೆಯ ಪ್ರಶ್ನೆ ಕೇಳಿ ಗಾಬರಿಯಾಯಿತು. ಯಾಕೆಂದರೆ ತಪ್ಪು ಮಾಡಿದ್ದೆ.

ನವಲಗುಂದ ತಾಲ್ಲೂಕಿನ ಒಂದು ಹಳ್ಳಿಯಲ್ಲಿ 24 ಗಂಟೆಯ ರಿಕಾಲ್ ಮಾಡುತ್ತಿದ್ದೆವು. ನಿನ್ನೆ ಎದ್ದಾಗಿನಿಂದ ಇವತ್ತು ಏಳುವವರೆಗೆ ಏನೇನು ತಿಂದಿರಿ ಅಂತ ಕೇಳಿ, ಅಳತೆ ಬಟ್ಟಲು ತೋರಿಸಿ, ಬರೆದುಕೊಳ್ಳುವುದು. ಒಬ್ಬ ಅಜ್ಜಿ “ಎರಡs ರೊಟ್ಟಿ, ಒಂದೀಟ್ ಪುಂಡಿಪಲ್ಯ, ಸೇಂಗಾ ಹಿಂಡಿ” ಅಂದರು. ನಾನು ಹಾಸ್ಟೆಲ್ ಮೆಸ್ಸಿನ ಬಿಸಿ ರೊಟ್ಟಿ ತೂಗಿಕೊಂಡು ಹೋಗಿದ್ದೆ. ಅದರಲ್ಲಿ ಹಿಟ್ಟೆಷ್ಟು, ನೀರೆಷ್ಟು ಅಂತ ಲೆಕ್ಕ ಕಟ್ಟಿದ್ದೆ. ಹಳ್ಳಿಯ ಬುಟ್ಟಿಯಲ್ಲಿ ಸಿಕ್ಕ ರೊಟ್ಟಿಗಳನ್ನು ತೂಗಿ, ಅದೇ ಲೆಕ್ಕ ಎಲ್ಲರಿಗೂ ಹಚ್ಚಿದೆ. ಕೂಡಿಸಿ ನೋಡಿದರೆ ದಿನವಿಡೀ ಹೊಲದಲ್ಲಿ ಕಳೆ ತೆಗೆಯುವ ಹೆಂಗಸರು ಸಣ್ಣ ಮಕ್ಕಳಷ್ಟೂ ತಿನ್ನುತ್ತಿರಲಿಲ್ಲ!

ಆಗಿದ್ದಿಷ್ಟು. ಬಿಸಿ ರೊಟ್ಟಿಯ ತೂಕದಲ್ಲಿ ನೀರು ಬಹಳ ಇರುತ್ತದೆ. ಹಳ್ಳಿಯ ಬುಟ್ಟಿಯಲ್ಲಿದ್ದದ್ದು ಕಡಕ್ ರೊಟ್ಟಿ, ಅದು ಒಣಗಿ ಹಪ್ಪಳದಂತಾಗಿರುತ್ತದೆ, ಕೈಗೆ ಹಗುರ, ಆದರೆ ಆ ತೂಕ ಬಹುಪಾಲು ಹಿಟ್ಟೇ. ಒಂದರ ಲೆಕ್ಕ ಇನ್ನೊಂದಕ್ಕೆ ಹಾಕಿದರೆ ಕ್ಯಾಲರಿ ಕುಸಿಯುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2017ರಲ್ಲಿ ತಂದ ಆಹಾರ ಸಂಯೋಜನೆ ಪುಸ್ತಕದಲ್ಲಿ 528 ಆಹಾರಗಳಿವೆ. ಅಲ್ಲಿರುವುದು ಬೇಯಿಸದ ಒಣ ಜೋಳದ ಲೆಕ್ಕ, 100 ಗ್ರಾಂಗೆ 330ರ ಆಸುಪಾಸು ಕ್ಯಾಲರಿ. ಅಂದರೆ ರೊಟ್ಟಿಯಿಂದ ಹಿಟ್ಟಿಗೆ ಇಳಿಯುವ ದಾರಿ ನಾವೇ ಹುಡುಕಬೇಕು.

ಇದರಲ್ಲಿ ನಗು ಬರುವ ವಿಷಯ ಬೇರೆ ಇದೆ. ನಮ್ಮವ್ವ ಗದಗಿನಲ್ಲಿ ಕಡಕ್ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಾಳೆ. ನಾನು ಹುಟ್ಟಿದಾಗಿನಿಂದ ಅದೇ ರೊಟ್ಟಿಯ ರಾಶಿಯ ಪಕ್ಕದಲ್ಲಿ ಮಲಗಿದವಳು! ಮೇಡಂ ಮುಂದೆಯೇ ಅವ್ವನಿಗೆ ಫೋನ್ ಹಚ್ಚಿದೆ. “ಕಿಲೋ ಹಿಟ್ಟಿಗೆ ಇಪ್ಪತ್ತರ ಮ್ಯಾಲ ಬೀಳ್ತಾವ, ತಗೊಂಡ್ ಏನ್ ಮಾಡ್ತಿ?” ಅಂದಳು. ಆಮೇಲೆ ತಕ್ಕಡಿ ಹಿಡಿದು ಅದೇ ಹಳ್ಳಿಗೆ ಮತ್ತೆ ಹೋದೆವು. ಮೂರು ಮನೆಗಳಲ್ಲಿ ಬಡಿಯುವ ಮೊದಲು ಹಿಟ್ಟು ತೂಗಿ, ಆದ ರೊಟ್ಟಿ ಎಣಿಸಿದೆವು.

ಎಂಎಸ್ಸಿ ಸಂದರ್ಶನದಲ್ಲಿ ಅರ್ಧ ಸಮಯ ಇದರ ಮೇಲೆಯೇ ಹೋಯಿತು. ಹಾಗಾಗಿ ನಿಮ್ಮ ಪ್ರಾಜೆಕ್ಟಿನ ಸಾಲಿನಲ್ಲಿ ಒಟ್ಟು ಎಷ್ಟು ಮನೆ, ಅದರಲ್ಲಿ ನೀವೇ ಕೂತು ಕೇಳಿದ್ದು ಎಷ್ಟು, ಯಾವ ವಿಧಾನ, ಎಲ್ಲಿ ಎಡವಿ ಹೇಗೆ ಸರಿಮಾಡಿದಿರಿ, ಇಷ್ಟು ಇರಲಿ. ಗೆಳತಿಯರು ಮಾಡಿದ್ದನ್ನು ನಿಮ್ಮ ಲೆಕ್ಕಕ್ಕೆ ಸೇರಿಸಬೇಡಿ. ಎದುರಿಗೆ ಕೂತವರಿಗೆ ಎರಡನೇ ಪ್ರಶ್ನೆಗೇ ಗೊತ್ತಾಗುತ್ತದೆ.

ಸ್ವಯಂಸೇವೆಗೆ ಎನ್‌ಎಸ್‌ಎಸ್ ಇದ್ದೇ ಇರುತ್ತದೆ, ಅಲ್ವಾ? ಎರಡು ವರ್ಷಕ್ಕೆ 240 ಗಂಟೆ, ಜೊತೆಗೆ 7 ದಿನದ ಶಿಬಿರ. ಆದರೆ ಸುಮ್ನೆ ‘ಎನ್‌ಎಸ್‌ಎಸ್ ಸ್ವಯಂಸೇವಕಿ’ ಅಂದರೆ ರಸ್ತೆ ಗುಡಿಸಿದಿರೋ, ಫೋಟೊಕ್ಕೆ ನಿಂತಿರೋ, ಯಾರಿಗೆ ಗೊತ್ತು? ನಾನು ಬರೆದದ್ದು ಅಂಗನವಾಡಿಯ ಕೆಲಸ. ಸೆಪ್ಟೆಂಬರ್‌ನ ಪೋಷಣ ಮಾಸದಲ್ಲಿ ಮಕ್ಕಳ ತೋಳಿನ ಸುತ್ತಳತೆ ತೆಗೆಯಲು ಕಳಿಸಿದ್ದರು. 6 ತಿಂಗಳಿಂದ 5 ವರ್ಷದೊಳಗಿನ ಮಕ್ಕಳಿಗೆ 11.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಅಳತೆ ಪಟ್ಟಿಯಲ್ಲಿ ಕೆಂಪು (ತೀವ್ರ ಅಪೌಷ್ಟಿಕತೆ), 12.5ರ ತನಕ ಹಳದಿ, ಅದರ ಮೇಲೆ ಹಸಿರು. ನಾನು ಅಳೆದ ಮೊದಲ ನಾಲ್ಕು ಮಕ್ಕಳಲ್ಲಿ ಮೂರು ಕೆಂಪು! ಅಂಗನವಾಡಿ ಅಕ್ಕೋರು ಸ್ವಲ್ಪ ಹೊತ್ತು ನೋಡಿದರು. ಆಮೇಲೆ, “ಬಾಯಾರ, ಪಟ್ಟಿ ಹಿಂಗ್ ಬಿಗಿ ಎಳದ್ರ ನನ್ ತೋಳೂ ಕೆಂಪಿಗೇ ಬರ್ತೈತ್ರಿ” ಅಂದರು. ಎಡಗೈ ಸಡಿಲ ಇಳಿಬಿಡಿಸಬೇಕು, ಹೆಗಲಿಗೂ ಮೊಣಕೈಗೂ ನಡುವೆ ಗುರುತು ಹಾಕಬೇಕು, ಪಟ್ಟಿ ಚರ್ಮಕ್ಕೆ ಹತ್ತಿರಬೇಕು, ಒತ್ತಬಾರದು. ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದು ಅಂಕವೂ ತಗೊಂಡಿದ್ದೆ. ಕೈಗೆ ಬಂದದ್ದು ಅವರಿಂದ. ಆ ನಾಲ್ಕೂ ಮಕ್ಕಳನ್ನು ಮತ್ತೆ ಅಳೆದಾಗ ಒಂದು ಮಾತ್ರ ಹಳದಿಯಲ್ಲಿ ಉಳಿಯಿತು. ಅರ್ಜಿಗೆ ಬೇಕಾದ ಶಿಫಾರಸು ಪತ್ರಗಳಲ್ಲಿ ಒಂದನ್ನು ಅವರಿಂದಲೇ ಬರೆಸಿಕೊಂಡೆ. ಬಾಯಿತುಂಬ ಹೊಗಳದೆ, ‘ಹೇಳಿದರೆ ತಿದ್ದಿಕೊಳ್ಳುತ್ತಾಳೆ’ ಅಂತ ಬರೆದಿದ್ದರು.

ನಾಯಕತ್ವ ಅನ್ನೋ ಶಬ್ದ ಕೇಳಿದರೆ ನನಗೆ ಇವತ್ತಿಗೂ ಮುಜುಗರ. ನಾನು ಹಾಸ್ಟೆಲ್ ಮೆಸ್ ಸೆಕ್ರೆಟರಿ ಆಗಿದ್ದು ಬೇರೆ ಯಾರೂ ಒಪ್ಪಲಿಲ್ಲ ಅಂತ. ಒಂದು ವಾರ ತಾಟಿನಲ್ಲಿ ಬಿಟ್ಟದ್ದನ್ನೆಲ್ಲ ಒಂದು ಬಕೆಟ್‌ಗೆ ಹಾಕಿಸಿ ತೂಗಿದೆ. ಉಪ್ಪಿಟ್ಟಿನ ದಿನ ಬಕೆಟ್ ತುಂಬಿತು. ಅದನ್ನು ತೆಗೆದು ಸೇಂಗಾ ಹಾಕಿದ ಅವಲಕ್ಕಿ ಮಾಡಿಸಬೇಕಿತ್ತು. ಅಡುಗೆ ಅಕ್ಕಾರಿಗೆ ಹೇಳಿದರೆ ಕೇಳಲಿಲ್ಲ. ಎರಡು ದಿನ ಬೆಳಿಗ್ಗೆ ಐದು ಗಂಟೆಗೆ ಎದ್ದು ಅವರ ಜೊತೆ ಚಪಾತಿ ಲಟ್ಟಿಸಿದ ಮೇಲೆ ಕೇಳಿದರು. ಅಷ್ಟೇ. ಇದನ್ನೇ ಎರಡು ಸಾಲಿನಲ್ಲಿ ಬರೆದೆ.

ಇನ್ನು ಕೆಲಸ. ಹುಬ್ಬಳ್ಳಿಯ ಒಂದು ಜಿಮ್‌ನಲ್ಲಿ ಎರಡು ತಿಂಗಳು ಡಯಟ್ ಚಾರ್ಟ್ ಬರೆದಿದ್ದೆ. ಎಲ್ಲರಿಗೂ ಒಂದೇ ಚಾರ್ಟ್, ಹೆಸರು ಮಾತ್ರ ಬದಲಿಸು ಅನ್ನುತ್ತಿದ್ದರು. ಶುಗರ್ ಇದ್ದವರಿಗೂ ಅದೇ, ಇಲ್ಲದವರಿಗೂ ಅದೇ. ಎರಡನೇ ತಿಂಗಳ ಸಂಬಳ ಕೊಡಲಿಲ್ಲ, ಸರ್ಟಿಫಿಕೇಟ್‌ನಲ್ಲಿ ಮಾತ್ರ ‘ಸೀನಿಯರ್ ನ್ಯೂಟ್ರಿಷನಿಸ್ಟ್’ ಅಂತ ಬರೆದುಕೊಟ್ಟರು. ಆಗ ನನ್ನ ಡಿಗ್ರಿಯೇ ಮುಗಿದಿರಲಿಲ್ಲ! ಅದನ್ನು ಅರ್ಜಿಗೆ ಹಚ್ಚಲಿಲ್ಲ. ನೀವೂ ದೊಡ್ಡ ಪದವಿಗೆ ಮರುಳಾಗಬೇಡಿ. ‘ರಿಜಿಸ್ಟರ್ಡ್ ಡಯಟೀಷಿಯನ್’ ಅನ್ನುವುದಕ್ಕಂತೂ ಬೇರೆಯೇ ಪರೀಕ್ಷೆ ಇದೆ, ಪಾಸಾಗದೆ ಆ ಎರಡು ಪದ ಹೆಸರಿನ ಮುಂದೆ ಬರಬಾರದು.

ಅದರ ಬದಲು ಅವ್ವನ ರೊಟ್ಟಿ ವ್ಯಾಪಾರ ಬರೆದೆ. ಮೊದಲು ನಾಚಿಕೆಯಾಗಿತ್ತು, ಮೇಡಂ ಬೈದು ಬರೆಸಿದರು. ನಾಲ್ಕು ವರ್ಷ ಲೆಕ್ಕ ಇಟ್ಟಿದ್ದೆ. ಎಫ್‌ಎಸ್‌ಎಸ್‌ಎಐ ಅನ್ನುವ ಸರ್ಕಾರಿ ಆಹಾರ ಸುರಕ್ಷತಾ ಸಂಸ್ಥೆಯಲ್ಲಿ ನೋಂದಣಿ ಮಾಡಿಸಿದ್ದೆ. ಆಗ ವರ್ಷಕ್ಕೆ 12 ಲಕ್ಷದೊಳಗಿನ ವಹಿವಾಟಿಗೆ ಸಣ್ಣ ನೋಂದಣಿ ಸಾಕಿತ್ತು, ಫೀ 100 ರೂಪಾಯಿ. 14 ಅಂಕಿಯ ಆ ನಂಬರನ್ನು ಪ್ಯಾಕೆಟ್ ಮೇಲೆ ಹಾಕಿಸಿದ್ದೂ ನಾನೇ. ಮಳೆಗಾಲದಲ್ಲಿ ರೊಟ್ಟಿ ಮೆತ್ತಗಾಗಿ ವಾಪಸ್ ಬರುತ್ತಿದ್ದವು, ದಪ್ಪ ಕವರಿಗೆ ಬದಲಿಸಿದ ಮೇಲೆ ಕಡಿಮೆಯಾಯಿತು.

ನಿಮ್ಮ ಪ್ರಶ್ನೆಯ ಕೊನೆಗೆ ಒಂದು ಸಾಲು ಇದೆ: ‘ರಜೆಯಲ್ಲಿ ಬ್ಯಾಡಗಿಯಲ್ಲಿ ಮಾವನ ಅಂಗಡಿಗೆ ಹೋಗಿ ಮೆಣಸಿನಕಾಯಿ ಆರಿಸುತ್ತಿದ್ದೆ, ಅದು ಲೆಕ್ಕಕ್ಕಿಲ್ಲ ಬಿಡಿ.’ ಯಾಕೆ ಬಿಡಬೇಕು? ದಪ್ಪನೆಯ ಡಬ್ಬಿ ಯಾವುದು, ತೆಳ್ಳನೆಯ ಕಡ್ಡಿ ಯಾವುದು ಅಂತ ಮೆಣಸಿನಕಾಯಿ ಬೇರೆ ಮಾಡಿದ್ದೀರಿ. ಬಣ್ಣ ನೋಡಿದ್ದೀರಿ, ತೇವ ಇದ್ದದ್ದನ್ನು ಕೈಯಲ್ಲೇ ಗುರುತಿಸಿ ಪಕ್ಕಕ್ಕೆ ತೆಗೆದಿದ್ದೀರಿ. ತೇವ ಉಳಿದರೆ ಬೂಷ್ಟು ಹಿಡಿಯುತ್ತದೆ, ಬೂಷ್ಟಿನಿಂದ ಅಫ್ಲಾಟಾಕ್ಸಿನ್ ಅನ್ನುವ ವಿಷ ಬರುತ್ತದೆ. ನೀವು ಓದಿದ ಪಾಠವೇ ಅಲ್ವಾ ಇದು? ಎಷ್ಟು ರಜೆ, ದಿನಕ್ಕೆ ಎಷ್ಟು ಚೀಲ ಅಂತ ನಿಮಗೆ ನೆನಪಿಲ್ಲದಿದ್ದರೆ ಮಾವನಿಗೆ ಒಂದು ಫೋನ್ ಹಚ್ಚಿ. ಅಂಗಡಿಯವರಿಗೆ ಚೀಲದ ಲೆಕ್ಕ ಮರೆತುಹೋಗಿರುವುದಿಲ್ಲ.