ಹಳೆ ಎಲ್‌ಪಿಯಲ್ಲಿ ಸಿಕ್ಕ ಲಾರಾಜಿಯನ್ನು ಹೇಗೆ ಕೇಳಬೇಕು?

ನೀವು ಕೇಳಿದ್ದು ಇಷ್ಟು: ಬೀದರ್‌ನಲ್ಲಿ ಹಳೆ ಸಾಮಾನಿನ ಜೊತೆ ಅಮೆರಿಕದ ವಾದ್ಯಗಾರ ಲಾರಾಜಿಯ 'ಡೇ ಆಫ್ ರೇಡಿಯನ್ಸ್' ಎಲ್‌ಪಿ, ಅಂದರೆ ಗ್ರಾಮಫೋನ್ ತಟ್ಟೆ, ಸಿಕ್ಕಿದೆ, ಮನಸ್ಸಿಗೆ ಹಾಯೆನಿಸುತ್ತದೆ ಅಂತ ಎಲ್ಲರೂ ಹೊಗಳುತ್ತಾರೆ, ಆದರೆ ಹಾಕಿದ ಕೂಡಲೇ ಬರೀ ತಂತಿಗಳ ಗದ್ದಲ. ಇದರಲ್ಲಿ ನೆಮ್ಮದಿ ಎಲ್ಲಿದೆ?

ಎರಡನೇ ಬದಿಯಲ್ಲಿದೆ. ರೆಕಾರ್ಡ್ ಮಗುಚಿ ಹಾಕಿ. ಅದಕ್ಕೂ ಮೊದಲು ಪ್ಲೇಯರ್‌ನ ವೇಗ ನೋಡಿ. ನಿಮಿಷಕ್ಕೆ 33 ಸುತ್ತಿನ ಬದಲು 45ಕ್ಕೆ ಇಟ್ಟಿದ್ದರೆ ಎಲ್ಲವೂ ಓಡುತ್ತದೆ, ಶ್ರುತಿಯೂ ಏರುತ್ತದೆ. ಹಾಡುವವರ ದನಿ ಇಲ್ಲದ ಸಂಗೀತ ಅಲ್ವಾ, ತಪ್ಪು ವೇಗ ಅಂತ ಗೊತ್ತೇ ಆಗುವುದಿಲ್ಲ.

ಮೊದಲ ಬದಿಯ ಮೂರು ತುಣುಕುಗಳ ಹೆಸರೇ 'ಡಾನ್ಸ್'. ಅಲ್ಲಿ ತಂತಿಗಳ ಮೇಲೆ ಕಡ್ಡಿಯ ಪೆಟ್ಟು, ನಮ್ಮ ಸಂತೂರ್ ತರಹ, ಆದರೆ ಬಿಡುವೇ ಇಲ್ಲದ ಹಾಗೆ. ಇದು ಬೀದಿಯಲ್ಲಿ ಬೆಳೆದ ಕೈ ಎನ್ನುವುದನ್ನು ನೆನಪಿಡಿ. ನ್ಯೂಯಾರ್ಕ್‌ನ ವಾಷಿಂಗ್ಟನ್ ಸ್ಕ್ವೇರ್ ಪಾರ್ಕ್‌ನಲ್ಲಿ ಲಾರಾಜಿ ಕಣ್ಣು ಮುಚ್ಚಿ ನುಡಿಸುತ್ತಿದ್ದಾಗ ಬ್ರಿಟಿಷ್ ಸಂಗೀತಗಾರ ಬ್ರಯಾನ್ ಈನೋ ಕೇಳಿ, ಒಟ್ಟಿಗೆ ರೆಕಾರ್ಡ್ ಮಾಡೋಣ ಎಂದು ಚೀಟಿ ಬರೆದು ವಾದ್ಯದ ಪೆಟ್ಟಿಗೆಯಲ್ಲಿ ಹಾಕಿ ಹೋಗಿದ್ದರು. ಅದರಿಂದಲೇ 1980ರಲ್ಲಿ ಈ ಆಲ್ಬಂ ಬಂತು. ದಾರಿಹೋಕರನ್ನು ನಿಲ್ಲಿಸಬೇಕಾದರೆ ಕೈ ಹಾಗೆ ಓಡಲೇಬೇಕು. ನಿಂತವರು ಕೂತ ಮೇಲೆ ಕೇಳಿಸುವ ಸಂಗೀತ ಎರಡನೇ ಬದಿಯದು. ನಾನು ಅದನ್ನು ಅರ್ಥ ಮಾಡಿಕೊಂಡಿರುವುದು ಹೀಗೆ.

ವಾದ್ಯದ ವಿಷಯ ತಿಳಿದರೆ ಇನ್ನೂ ಚೆನ್ನಾಗಿ ಕೇಳಿಸುತ್ತದೆ. ಲಾರಾಜಿಯ ವಾದ್ಯ ಹುಟ್ಟಿದ್ದು ಆಟೋಹಾರ್ಪ್ ಎಂಬ ತಂತಿವಾದ್ಯದಿಂದ. ಅದರಲ್ಲಿ ಸಾಮಾನ್ಯವಾಗಿ 36 ತಂತಿಗಳು, ಅವುಗಳ ಮೇಲೆ ಅಡ್ಡಪಟ್ಟಿಗಳು, ಪಟ್ಟಿಗಳ ಕೆಳಗೆ ಮೆತ್ತನೆ ಉಣ್ಣೆಬಟ್ಟೆ. ಒಂದು ಪಟ್ಟಿ ಒತ್ತಿದರೆ ಬೇಡದ ತಂತಿಗಳ ಬಾಯಿ ಮುಚ್ಚುತ್ತದೆ, ಬೇಕಾದ ಸ್ವರಗಳಷ್ಟೇ ಉಳಿಯುತ್ತವೆ. ಗಿಟಾರ್ ಅಡವಿಡಲು ಹೋದ ಲಾರಾಜಿ, ಅಂಗಡಿಯಲ್ಲಿ ಆಟೋಹಾರ್ಪ್ ಕಂಡು ಅದನ್ನೇ ತಂದರು. ಆಮೇಲೆ ಆ ಪಟ್ಟಿಗಳನ್ನೇ ಕಿತ್ತುಹಾಕಿ, ತಂತಿಗಳನ್ನು ತಮಗೆ ಬೇಕಾದ ಹಾಗೆ ಶ್ರುತಿ ಮಾಡಿಕೊಂಡು, ದನಿಯನ್ನು ಸ್ಪೀಕರ್‌ಗೆ ಒಯ್ಯುವ ವಿದ್ಯುತ್ ಪಿಕಪ್ ಹಾಕಿದರು. ತಡೆಯುವುದು ಏನೂ ಇಲ್ಲದ ಕಾರಣ ಒಂದು ತಂತಿ ಮೀಟಿದರೆ ಪಕ್ಕದವೂ ಸಣ್ಣಗೆ ಮಿಡಿಯುತ್ತವೆ. ಬಡೇ ಗುಲಾಂ ಅಲಿ ಖಾನ್, ಕಿಶೋರಿ ಅಮೋನ್ಕರ್ ಹಾಡುವಾಗ ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದ ಸ್ವರಮಂಡಲ ನೆನಪಾಗುತ್ತದೆಯಾ? ಹೆಚ್ಚೂಕಡಿಮೆ ಅದೇ ರೀತಿ.

'ಮೆಡಿಟೇಶನ್' ಎಂಬ ಎರಡನೇ ಬದಿಯಲ್ಲಿ ತಾಳ ಇಲ್ಲ. ಒಂದು ಸ್ವರ ಏಳುತ್ತದೆ, ಅದು ಪೂರ್ತಿ ಆರುವ ಮೊದಲೇ ಇನ್ನೊಂದು ಬಂದು ಸೇರುತ್ತದೆ. ಮುಂದೇನು ಬರುತ್ತದೆ ಅಂತ ಕಾಯುವುದನ್ನು ಬಿಟ್ಟ ಮೇಲೆ ಅದು ಹಿಡಿಸುತ್ತದೆ. ನಮ್ಮ ಕಲಬುರಗಿ ಕಡೆ ಕಡಕೋಳ ಮಡಿವಾಳಪ್ಪನವರ ತತ್ವಪದ ಕೇಳಿ ಬೆಳೆದವರಿಗೆ ಇದು ಹೊಸದಲ್ಲ. ಪದ ಮುಗಿದರೂ ಏಕತಾರಿಯ ಮೇಲಿನ ಬೆರಳು ನಿಲ್ಲುವುದಿಲ್ಲ, ಅದೇ ಒಂದು ಸ್ವರ, ಮುಂದಿನ ಪದ ಎತ್ತುವವರೆಗೂ. ಆ ನಡುವಿನ ಹೊತ್ತು ನನಗೆ ಯಾವಾಗಲೂ ಪದದಷ್ಟೇ ಇಷ್ಟ.

ನಾನು ಬೇಸಿಗೆ ರಾತ್ರಿ, ಓಣಿಯ ಸದ್ದು ಇಳಿದ ಮೇಲೆ ಹಾಕುತ್ತೇನೆ. ಫ್ಯಾನಿನ ಸದ್ದಿಗಿಂತ ಒಂಚೂರು ಮೇಲೆ, ಅಷ್ಟೇ ದನಿ ಸಾಕು. ಹೆಡ್‌ಫೋನ್ ಬೇಡ. ಕೆಲವು ದಿನ ಹೀಗೆ ಕೇಳಿ ಆಮೇಲೆ ಮೊದಲ ಬದಿಗೆ ಹೋಗಿ, ಆಗ ಅದು ಗದ್ದಲ ಅನಿಸುವುದಿಲ್ಲ.

ಇನ್ನು ನಮ್ಮ ಬಿಸಿಲು ಗೊತ್ತಲ್ಲ, 40 ಡಿಗ್ರಿ ದಾಟುತ್ತದೆ. ಎಲ್‌ಪಿಯನ್ನು ಕಿಟಕಿ ಹತ್ತಿರ, ತಗಡಿನ ಮಾಡಿನ ಕೆಳಗೆ ಇಡಬೇಡಿ, ಬಾಗಿಬಿಡುತ್ತದೆ. ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿ. ಹಳೆ ಧೂಳು ಇದ್ದರೆ ಡಿಸ್ಟಿಲ್ಡ್ ನೀರಿನಲ್ಲಿ ಮೆತ್ತನೆ ಬಟ್ಟೆ ಒದ್ದೆ ಮಾಡಿ, ಗೆರೆಗಳ ದಿಕ್ಕಿನಲ್ಲೇ ಸುತ್ತ ಒರೆಸಿ. ಇಂಥ ಮೆಲುದನಿಯ ಸಂಗೀತದಲ್ಲಿ ಒಂದು ಚಟಪಟವೂ ದೊಡ್ಡದಾಗಿ ಕೇಳುತ್ತದೆ.