ಕೋಟೆ ಹತ್ತಿದ ಅಭ್ಯಾಸ ಬಾತೂರ್ ಬೆಟ್ಟಕ್ಕೆ ಸಾಕಾ?

ನಮಸ್ಕಾರ ಸರ್. ಬಾಲಿಯ ಬಾತೂರ್ ಜ್ವಾಲಾಮುಖಿಗೆ ಅಮ್ಮನನ್ನೂ ಕರೆದುಕೊಂಡು ಹೋಗಬಹುದಾ, ವಾರಕ್ಕೊಮ್ಮೆ ದುರ್ಗದ ಕೋಟೆ ಹತ್ತುವ ಅಭ್ಯಾಸ ಸಾಕಾ ಅಂತ ಕೇಳಿದ್ದೀರಿ. ನಾನು ದಾವಣಗೆರೆಯವನು, ಎರಡನ್ನೂ ಹತ್ತಿದ್ದೇನೆ. ದಮ್ಮು ಸಾಕಾಗುತ್ತದೆ. ಬೆಟ್ಟ ಇರೋದು 1,717 ಮೀಟರ್, ಹತ್ತಲು ಸುಮಾರು ಎರಡು ಗಂಟೆ. ಆದರೆ ನಮ್ಮ ಕೋಟೆಯಲ್ಲಿ ಕಾಲಿಟ್ಟ ಬಂಡೆ ಅಲುಗಾಡೋದಿಲ್ಲ ಅಲ್ವಾ, ಅಲ್ಲಿ ತುದಿಯ ಹತ್ತಿರ ಬರೀ ಕರಿ ಜಲ್ಲಿ, ಒಂದು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಹಿಂದಕ್ಕೆ ಜಾರುತ್ತದೆ, ಇಳಿಯುವಾಗಂತೂ ಮಂಡಿಗೆ ಜಾಸ್ತಿ ಪೆಟ್ಟು. ಅಮ್ಮನಿಗೆ ಮಂಡಿ ನೋವಿದ್ದರೆ ದಯವಿಟ್ಟು ಬೇಡ. ಬೆಟ್ಟದ ಎದುರಿಗಿರುವ ಕಿಂತಾಮಣಿ ಅನ್ನೋ ಊರಲ್ಲಿ ಕೂತರೆ ಬೆಟ್ಟ, ಸರೋವರ ಎರಡೂ ಚೆನ್ನಾಗಿ ಕಾಣುತ್ತವೆ.

ಗೈಡ್ ಇಲ್ಲದೆ ಹೋಗಬೇಡಿ. ಅದು ತಣ್ಣಗಾದ ಬೆಟ್ಟ ಅಲ್ಲ, 2000ದಲ್ಲೂ ಸಿಡಿದಿತ್ತು. ಬಿಸಿ ಹಬೆ ಬರುವ ಬಿರುಕುಗಳಿವೆ, ಗೈಡ್‌ಗಳು ಅದರಲ್ಲೇ ಮೊಟ್ಟೆ ಬೇಯಿಸಿ ಕೊಡುತ್ತಾರೆ! ಸೂರ್ಯೋದಯ ನೋಡೋಕೆ ಬೆಳಗಿನ ಜಾವ ನಾಲ್ಕಕ್ಕೇ ಹತ್ತೋದರಿಂದ ತಲೆಗೆ ಕಟ್ಟುವ ಟಾರ್ಚ್, ಸ್ವೆಟರ್, ಒಳ್ಳೆ ಹಿಡಿತದ ಶೂ ಇರಲಿ. ಹಿಂದಿನ ದಿನ ಜ್ವಾಲಾಮುಖಿಯ ಎಚ್ಚರಿಕೆ ಮಟ್ಟ ಎಷ್ಟಿದೆ ಅಂತ ಕೇಳಿ, 1ರಿಂದ 4ರವರೆಗೆ ಇರುತ್ತದೆ, 1 ಅಂದರೆ ಮಾಮೂಲಿ. ಅದು ಏರಿದ್ದರೆ ಕಟ್ಟಿದ ದುಡ್ಡು ಹೋದರೂ ಪರವಾಗಿಲ್ಲ, ಬಿಟ್ಟುಬಿಡಿ.